ಬಲಗಡೆಯಿಂದ ಓದಿದರೆ ಕನ್ನಡ

(ಚಿಕ್ಕಮಗಳೂರಿನಲ್ಲಿ ಡಿಗ್ರಿ ವಿದ್ಯಾರ್ಥಿಗಳು, ಗಣಿತದ ಮೇಷ್ಟ್ರುಗಳು ಮತ್ತು ಕೆಲವು ಕಾಫಿ ಬೆಳೆಗಾರರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಗ್ಗಿಯಿಂದಲೇ ಶುರು ಮಾಡುತ್ತೇನೆ. ಇಲ್ಲಿ ಕೂತಿರುವ ಹಿರಿಯರೆಲ್ಲ ಸಂಜೆ ದೀಪ ಹಚ್ಚಿದ ಮೇಲೆ ಗೋಡೆಗೆ ಒರಗಿ ಮಗ್ಗಿ ಒಪ್ಪಿಸಿದವರೇ. ‘ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು, ಎರಡ್ಮೂರ್ಲ ಆರು.’ ಇದರಲ್ಲಿ ‘ಗುಣಿಸು’ ಅನ್ನೋ ಮಾತೇ ಇಲ್ಲ, ಗಮನಿಸಿದ್ದೀರಾ? ‘ಸಮ’ ಅನ್ನೋದೂ ಇಲ್ಲ. ನಡುವೆ ಒಂದು ‘ಲ’ ಇದೆ, ಅಷ್ಟೇ. ಆ ಒಂದಕ್ಷರ ಗುಣಾಕಾರದ ಪೂರ್ತಿ ಕೆಲಸ ಮಾಡುತ್ತದೆ. ಹಾಗೆ ಗಿಡ್ಡ ಮಾಡಿದ್ದರಿಂದಲೇ ಅದಕ್ಕೆ ಒಂದು ಓಟ ಬಂತು. ಓಟ ಇದ್ದದ್ದರಿಂದಲೇ ಐವತ್ತು ವರ್ಷ ಆದರೂ ನಮಗೆ ಮರೆತಿಲ್ಲ.

ಈಗ ಬೋರ್ಡ್ ನೋಡಿ.

(⍳20)∘.×⍳10

ಇದು ಇಡೀ ಮಗ್ಗಿ ಪುಸ್ತಕ. ಒಂದರ ಮಗ್ಗಿಯಿಂದ ಇಪ್ಪತ್ತರ ಮಗ್ಗಿಯವರೆಗೆ, ಒಂದೊಂದರಲ್ಲೂ ಹತ್ತು ಮನೆ, ಒಟ್ಟು 200 ಉತ್ತರ. ಬರೆದದ್ದು 11 ಅಕ್ಷರ. ಕೊಕ್ಕೆಯ ಹಾಗಿರುವ ಆ ಗುರುತಿನ ಹೆಸರು ಅಯೋಟ. ಅಯೋಟ 20 ಅಂದರೆ 1ರಿಂದ 20ರವರೆಗಿನ ಸಂಖ್ಯೆಗಳ ಸಾಲು. ನಡುವೆ ಇರುವ ಸೊನ್ನೆ, ಚುಕ್ಕಿ, ಗುಣಾಕಾರ ಮೂರೂ ಸೇರಿ ‘ಈ ಸಾಲಿನ ಪ್ರತಿಯೊಂದನ್ನೂ ಆ ಸಾಲಿನ ಪ್ರತಿಯೊಂದರ ಜೊತೆ ಗುಣಿಸು’ ಅನ್ನುತ್ತವೆ. ಗುಣಾಕಾರ ತೆಗೆದು ಕೂಡುವ ಗುರುತು ಹಾಕಿದರೆ ಕೂಡುವ ಕೋಷ್ಟಕ. ‘ದೊಡ್ಡದು’ ಅನ್ನುವ ಗುರುತು ಹಾಕಿದರೆ ಯಾವುದು ಯಾವುದಕ್ಕಿಂತ ದೊಡ್ಡದು ಅನ್ನುವ ಕೋಷ್ಟಕ.

ಇದು ಕಂಪ್ಯೂಟರ್‌ಗೆ ಲೆಕ್ಕ ಹೇಳುವ ಒಂದು ಭಾಷೆ, ಹೆಸರು ಏಪಿಎಲ್ (ಎ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್). ಇದನ್ನು ಕಟ್ಟಿದವರು ಕೆನೆತ್ ಐವರ್ಸನ್. 1920ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ಹುಟ್ಟಿದವರು. ರೈತರ ಮನೆಯ ಹುಡುಗ. ಒಂಬತ್ತನೇ ತರಗತಿ ಮುಗಿಸಿ ಶಾಲೆ ಬಿಟ್ಟು ಜಮೀನಿನ ಕೆಲಸಕ್ಕೆ ಇಳಿದರು. ಆಮೇಲೆ ವಾಯುಪಡೆಯಲ್ಲಿದ್ದಾಗ ಅಂಚೆ ಮೂಲಕ ಓದಿ ಹೈಸ್ಕೂಲ್ ಮುಗಿಸಿಕೊಂಡರು. 1954ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಬಂತು. ಅಲ್ಲೇ ಪಾಠ ಮಾಡುವಾಗ ಅವರಿಗೆ ಒಂದು ತೊಂದರೆ ಕಾಣಿಸಿತು. ಗಣಿತದ ಬರಹ ಒಂದೊಂದು ಶಾಖೆಯಲ್ಲಿ ಒಂದೊಂದು ಥರ. ಕೂಡಿಸು ಅನ್ನೋದಕ್ಕೆ ಸಿಗ್ಮಾ, ಗುಣಿಸುತ್ತಾ ಹೋಗು ಅನ್ನೋದಕ್ಕೆ ದೊಡ್ಡ ಪೈ, ಮ್ಯಾಟ್ರಿಕ್ಸ್‌ಗೆ ಸುಮ್ನೆ ಪಕ್ಕಪಕ್ಕ ಬರೆಯೋದು. ಇದಕ್ಕೆಲ್ಲ ಒಂದೇ ಕಟ್ಟಳೆ ಯಾಕಿರಬಾರದು ಅಂತ ಬೋರ್ಡ್ ಮೇಲೆ ಬರೆಯೋಕೆ ಒಂದು ಹೊಸ ಲಿಪಿ ಮಾಡಿಕೊಂಡರು.

ಬೋರ್ಡ್ ಮೇಲೆ ಅನ್ನೋದನ್ನ ಒತ್ತಿ ಹೇಳುತ್ತಿದ್ದೇನೆ. ಇದು ಮೊದಲು ಮನುಷ್ಯರಿಗಾಗಿ ಹುಟ್ಟಿದ್ದು. 1960ರಲ್ಲಿ ಅವರು ಐಬಿಎಂ ಸೇರಿದರು, 1962ರಲ್ಲಿ ಪುಸ್ತಕ ಬಂತು. ಅದೇ ಬರಹವನ್ನು ಕಂಪ್ಯೂಟರ್‌ಗೆ ಕೊಟ್ಟು, ಟೈಪ್‌ರೈಟರ್ ಮುಂದೆ ಕೂತು ಮಾತಾಡಿದ ಹಾಗೆ ಉತ್ತರ ಪಡೆಯುವುದು ಸಾಧ್ಯವಾದದ್ದು 1966ರಲ್ಲಿ. ಆ ಟೈಪ್‌ರೈಟರ್‌ನಲ್ಲಿ ಅಕ್ಷರಗಳೆಲ್ಲ ಒಂದು ಉಂಡೆಯ ಮೇಲೆ ಇರುತ್ತಿದ್ದವು. ಇಂಗ್ಲಿಷ್ ಉಂಡೆ ತೆಗೆದು ಏಪಿಎಲ್ ಉಂಡೆ ಹಾಕಿದರೆ ಈ ಗುರುತುಗಳು ಮೂಡುತ್ತಿದ್ದವು. 1979ರಲ್ಲಿ ಐವರ್ಸನ್‌ಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತು. ಪ್ರಶಸ್ತಿಯ ಉಪನ್ಯಾಸದಲ್ಲಿ ಅವರು ಹೇಳಿದ್ದು ಬರೆಯುವ ರೀತಿಯೇ ಯೋಚನೆಯ ಉಪಕರಣ ಅನ್ನುವ ವಿಷಯ. ನಿಮಗೆ ಗೊತ್ತಿಲ್ಲದೇ ನೀವೂ ಅವರ ಲಿಪಿ ಬಳಸಿದ್ದೀರಿ. ಒಂದು ಸಂಖ್ಯೆಯ ಕೆಳಗಿನ ಪೂರ್ಣಾಂಕ, ಮೇಲಿನ ಪೂರ್ಣಾಂಕ ಬರೆಯೋಕೆ ನೆಲ, ಸೂರು ಅಂತ ಅರ್ಧ ಕಂಸ ಹಾಕುತ್ತೀವಲ್ಲ, ⌊ ಮತ್ತು ⌈, ಅವು 1962ರ ಆ ಪುಸ್ತಕದಿಂದಲೇ ಬಂದವು.

ಇನ್ನು ನಮ್ಮ ತೋಟಕ್ಕೆ ಬರೋಣ.

ಬೆಳೆಗಾರರಿಗೆ ಓಟಿ ಬಗ್ಗೆ ನಾನು ಹೇಳಬೇಕಿಲ್ಲ. ವಿದ್ಯಾರ್ಥಿಗಳಿಗೆ ಮಾತ್ರ ಹೇಳುತ್ತೇನೆ. ಒಣಗಿಸಿದ ಚೆರಿ ಕಾಫಿಯನ್ನು 50 ಕೆಜಿ ಚೀಲದ ಲೆಕ್ಕದಲ್ಲಿ ಮಾರುತ್ತಾರೆ. ಆ ಚೀಲದ ಸಿಪ್ಪೆ ತೆಗೆಸಿದರೆ ಎಷ್ಟು ಕೆಜಿ ಕ್ಲೀನ್ ಕಾಫಿ ಸಿಗುತ್ತದೋ ಅದೇ ಓಟಿ, ಅಂದರೆ ಔಟ್‌ಟರ್ನ್. ಓಟಿ 28 ಅಂದರೆ ಚೀಲಕ್ಕೆ 28 ಕೆಜಿ. ರೇಟು ನಿಲ್ಲುವುದು ಇದರ ಮೇಲೆ.

ನಾನು ಪಿಯುಸಿ ಓದುವಾಗ ನಮ್ಮ ಅಪ್ಪ ಮೂರು ಲಾಟ್ ಚೆರಿ ಮಾರಿದರು. ಮೊದಲನೆಯದು 40 ಚೀಲ, ಓಟಿ 28. ಆಮೇಲಿನ ಎರಡು ಕೊನೆ ಕೊಯ್ಲಿನದು, ಹತ್ತು ಹತ್ತು ಚೀಲ, ಓಟಿ 25. ಕೊಂಡವರು ಮೂರೂ ಓಟಿ ಕೂಡಿಸಿ ಮೂರರಿಂದ ಭಾಗಿಸಿ, ಸರಾಸರಿ 26 ಅಂತ ಚೀಟಿ ಬರೆದು ಕೊಟ್ಟರು. ಅಪ್ಪ ತಂದು ನನ್ನ ಕೈಗೆ ಕೊಟ್ಟು ‘ನೋಡಪ್ಪ, ಸರಿಯಿದೆಯಾ?’ ಅಂದರು. ಕೂಡಿಸಿದ್ದು ಸರಿ, ಭಾಗಿಸಿದ್ದು ಸರಿ. ‘ಸರಿಯಿದೆ’ ಅಂದೆ. ಎಷ್ಟೋ ವರ್ಷ ಆದ ಮೇಲೆ ಒಂದು ದಿನ ಏಪಿಎಲ್ ಕಲಿಯುವಾಗ ಇದೇ ಲೆಕ್ಕ ಬರೆದೆ.

(+/ಓಟಿ)÷≢ಓಟಿ

ಇದು ಚೀಟಿಯ ಲೆಕ್ಕ. ಕೂಡುವ ಗುರುತಿನ ಮುಂದೆ ಓರೆಗೆರೆ ಇದ್ದರೆ ಸಾಲಿನ ಸಂಖ್ಯೆಗಳ ನಡುನಡುವೆ ಕೂಡುವ ಗುರುತು ಇಟ್ಟ ಹಾಗೆ. ≢ ಅಂದರೆ ಸಾಲಿನಲ್ಲಿ ಎಷ್ಟು ಇವೆ ಅನ್ನುವ ಎಣಿಕೆ. ಮೊತ್ತ ಭಾಗ ಎಣಿಕೆ. ಉತ್ತರ 26. ಬರೆದು ಮುಗಿಸಿ ನೋಡಿದರೆ ನನ್ನ ಕಣ್ಣಿಗೆ ಹೊಡೆದದ್ದು ಒಂದೇ. ಈ ಸಾಲಿನಲ್ಲಿ ಚೀಲ ಎಲ್ಲಿದೆ? ಅರವತ್ತು ಚೀಲ ಮಾರಿದ್ದೀವಿ, ಲೆಕ್ಕದಲ್ಲಿ ಚೀಲದ ಹೆಸರೇ ಇಲ್ಲ. ಕೆಳಗೆ ಇನ್ನೊಂದು ಬರೆದೆ.

(+/ಚೀಲ×ಓಟಿ)÷+/ಚೀಲ

ಪ್ರತಿ ಲಾಟಿನ ಚೀಲವನ್ನು ಅದರದ್ದೇ ಓಟಿಯಿಂದ ಗುಣಿಸಿ, ಕೂಡಿಸಿ, ಒಟ್ಟು ಚೀಲದಿಂದ ಭಾಗಿಸು. 1620 ಭಾಗ 60, ಉತ್ತರ 27. ಚೀಲಕ್ಕೆ ಒಂದು ಪಾಯಿಂಟ್ ಕಡಿಮೆ. ಅರವತ್ತು ಚೀಲಕ್ಕೆ ಅರವತ್ತು ಕೆಜಿ ಕ್ಲೀನ್ ಕಾಫಿ ಹೋಗಿತ್ತು.

ಕೊಂಡವರು ಬೇಕಂತ ಮಾಡಿದರೋ, ಗೊತ್ತಿಲ್ಲದೇ ಮಾಡಿದರೋ, ಅದು ಇಲ್ಲಿ ಬೇಡ. ನಾನು ತೋರಿಸಬೇಕು ಅಂದುಕೊಂಡದ್ದು ಬೇರೆ. ಬೋರ್ಡ್ ಮೇಲಿರುವ ಎರಡು ಸಾಲನ್ನು ಒಂದರ ಕೆಳಗೊಂದು ಇಟ್ಟು ನೋಡಿ. ಎರಡನೆಯದರಲ್ಲಿ ‘ಚೀಲ’ ಅಂತ ಇರುವ ಕಡೆಯೆಲ್ಲ 1 1 1 ಇಡಿ. ಒಂದರಿಂದ ಗುಣಿಸಿದರೆ ಓಟಿ ಹಾಗೇ ಉಳಿಯುತ್ತದೆ. ಮೂರು ಒಂದನ್ನು ಕೂಡಿಸಿದರೆ ಮೂರು, ಅಂದರೆ ಎಣಿಕೆ. ಎರಡನೆಯ ಸಾಲು ಮೊದಲನೆಯ ಸಾಲೇ ಆಗಿಬಿಟ್ಟಿತು! ಹಾಗಾದರೆ ಚೀಟಿಯ ಲೆಕ್ಕ ಯಾವಾಗ ಸರಿ? ಮೂರೂ ಲಾಟಿನಲ್ಲಿ ಸಮ ಚೀಲ ಇದ್ದಾಗ ಸರಿ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಬರಹವೇ ಹೇಳಿತು. ಲೂಪ್ ಹಾಕಿ ಎಂಟು ಸಾಲಿನ ಪ್ರೋಗ್ರಾಂ ಬರೆದಿದ್ದರೂ 27 ಬರುತ್ತಿತ್ತು. ಆದರೆ ಈ ಎರಡರ ನಂಟು ಕಣ್ಣಿಗೆ ಬೀಳುತ್ತಿರಲಿಲ್ಲ. ಎಂಟು ಸಾಲಿನಲ್ಲಿ ಆರು ಸಾಲು ಯಂತ್ರದ ಕೈ ಹಿಡಿದು ನಡೆಸೋದಕ್ಕೇ ಹೋಗುತ್ತದೆ. ಸೊನ್ನೆಯಿಂದ ಶುರು ಮಾಡು, ಒಂದೊಂದೇ ಎತ್ತಿಕೋ, ಮುಂದಕ್ಕೆ ಹೋಗು, ಮುಗಿಯಿತಾ ನೋಡು. ನಮಗೆ ಬೇಕಾದ ಸೂತ್ರ ಅದರೊಳಗೆ ಎಲ್ಲೋ ಹುದುಗಿರುತ್ತದೆ.

ಒಂದು ಮಾತು. ಬೋರ್ಡ್ ಮೇಲೆ ಕನ್ನಡ ಹೆಸರು ಬರೆದಿದ್ದೇನೆ, ನಿಮಗೆ ತಿಳಿಯಲಿ ಅಂತ. ಇವತ್ತು ಜಾಸ್ತಿ ಬಳಕೆಯಲ್ಲಿರುವ ಡಯಲಾಗ್ ಏಪಿಎಲ್‌ನಲ್ಲಿ ಹೆಸರಿಗೆ ಇನ್ನೂ ರೋಮನ್ ಅಕ್ಷರವೇ ಬೇಕು. ಗುರುತುಗಳು ಮಾತ್ರ ಯಾವ ಭಾಷೆಯವೂ ಅಲ್ಲ.

ತೋಟದ ಮನೆಗಳಲ್ಲಿ ಮಳೆ ಡೈರಿ ಇರುತ್ತದೆ. ಇಂಚು ಮತ್ತು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕ. ಒಂದು ವಾರದ್ದು ಬರೆಯುತ್ತೇನೆ.

ಮಳೆ←0 1.2 0 0 2.35 0.4 0

+/ಮಳೆ ಅಂದರೆ ವಾರದ ಒಟ್ಟು, 3.95. ಓರೆಗೆರೆಯನ್ನು ಆ ಕಡೆ ವಾಲಿಸಿ +\ಮಳೆ ಅಂತ ಬರೆದರೆ ದಿನದಿನಕ್ಕೆ ಸೇರುತ್ತಾ ಹೋದ ಮೊತ್ತ: 0 1.2 1.2 1.2 3.55 3.95 3.95. ಡೈರಿಯ ಕೊನೆಯ ಕಾಲಂನಲ್ಲಿ ಬರೆಯುತ್ತಿದ್ದದ್ದು ಇದನ್ನೇ. ಆಗ ಹೇಳಿದ ಸೂರಿನ ಗುರುತು ⌈ ಎರಡು ಸಂಖ್ಯೆಗಳ ನಡುವೆ ಬಂದರೆ ದೊಡ್ಡದನ್ನು ಆರಿಸುತ್ತದೆ, ಹಾಗಾಗಿ ⌈/ಮಳೆ ಅಂದರೆ ವಾರದ ದೊಡ್ಡ ಮಳೆ. ಇನ್ನು ನನಗೆ ತುಂಬಾ ಇಷ್ಟವಾದದ್ದು +/0=ಮಳೆ. ಇಲ್ಲಿ ‘ಸಮ’ ಅನ್ನೋದು ಹೇಳಿಕೆಯಲ್ಲ, ಪ್ರಶ್ನೆ. ಹೌದು ಅಂದರೆ 1, ಇಲ್ಲ ಅಂದರೆ 0. ಹಾಗಾಗಿ 1 0 1 1 0 0 1 ಬರುತ್ತದೆ, ಕೂಡಿಸಿದರೆ 4. ವಾರದಲ್ಲಿ ನಾಲ್ಕು ದಿನ ಮಳೆ ಇಲ್ಲ. ಹೌದು ಇಲ್ಲಗಳನ್ನು ಕೂಡಿಸಬಹುದು ಅನ್ನೋ ಈ ಉಪಾಯ ಎಷ್ಟು ಹಿಡಿಸಿತು ಅಂದರೆ ಗಣಿತದವರು ಐವರ್ಸನ್ ಕಂಸ ಅಂತ ಹೆಸರಿಟ್ಟು ಪುಸ್ತಕಗಳಲ್ಲಿ ಬಳಸುತ್ತಾರೆ.

ಈಗ ಮೇಷ್ಟ್ರುಗಳು ಒಪ್ಪದ ವಿಷಯಕ್ಕೆ ಬರುತ್ತೇನೆ. 3×4+5 ಎಷ್ಟು? ಶಾಲೆಯಲ್ಲಿ 17. ಏಪಿಎಲ್‌ನಲ್ಲಿ 27. ಬಾಡ್‌ಮಾಸ್ (ಗುಣಾಕಾರ, ಭಾಗಾಕಾರ ಮೊದಲು, ಕೂಡು ಕಳೆ ಆಮೇಲೆ ಅನ್ನುವ ನಿಯಮ) ಇಲ್ಲಿ ನಡೆಯುವುದಿಲ್ಲ. ಪ್ರತಿ ಗುರುತೂ ತನ್ನ ಬಲಕ್ಕಿರುವ ಎಲ್ಲದರ ಉತ್ತರ ಬರುವವರೆಗೆ ಕಾಯುತ್ತದೆ. ಇಷ್ಟೊಂದು ಗುರುತು ಇರುವಾಗ ಯಾವುದು ಮೊದಲು, ಯಾವುದು ಆಮೇಲೆ ಅಂತ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದರೆ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಒಂದೇ ನಿಯಮ: ಬಲಗಡೆಯಿಂದ ಎಡಕ್ಕೆ.

ಇಂಗ್ಲಿಷಿನಲ್ಲಿ ಪಾಠ ಮಾಡುವವರು ಇದನ್ನು ಎಡದಿಂದ ಓದಿ ಹೇಳುತ್ತಾರೆ. ಅವರ ವಾಕ್ಯದಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ಆದ್ದರಿಂದ ಅವರಿಗೆ ಅದು ಸರಿಹೋಗುತ್ತದೆ. ನಮಗೆ ಹಾಗಲ್ಲ. ನಾವು ‘ಅಕ್ಕಿ ತೊಳೆದು, ನೆನೆಹಾಕಿ, ರುಬ್ಬಿ, ಹುದುಗು ಬರಿಸಿ, ದೋಸೆ ಹುಯ್ಯಿ’ ಅನ್ನುತ್ತೇವೆ. ಮೊದಲು ಸಾಮಾನು, ಆಮೇಲೆ ಒಂದೊಂದೇ ಕೆಲಸ, ಕೊನೆಯಲ್ಲಿ ಮುಗಿಸುವ ಕ್ರಿಯಾಪದ. ಏಪಿಎಲ್ ಸಾಲನ್ನು ಬಲಗಡೆಯಿಂದ ಓದುತ್ತಾ ಬನ್ನಿ, ಸರಿಯಾಗಿ ಇದೇ ವರಸೆ ಸಿಗುತ್ತದೆ. ಸಾಮಾನು ಬಲತುದಿಯಲ್ಲಿ, ಮುಗಿಸುವ ಕೆಲಸ ಎಡತುದಿಯಲ್ಲಿ. ವರ್ಷಗಟ್ಟಲೆ ಇಂಗ್ಲಿಷಿನಲ್ಲಿ ಓದಿ ಒದ್ದಾಡುತ್ತಿದ್ದ ನನಗೆ ಇದು ಹೊಳೆದ ದಿನ ಆದ ಖುಷಿ ಹೇಳೋಕಾಗದು. ಇವತ್ತು ಇಲ್ಲಿಗೆ ಬಂದದ್ದೇ ಇದನ್ನು ಹೇಳೋಕೆ.

ಒಂದು ದೊಡ್ಡ ಸೂತ್ರ ತಗೊಂಡು ನೋಡೋಣ. ಕೇರಳದ ಸಂಗಮಗ್ರಾಮದ ಮಾಧವ, 14ನೇ ಶತಮಾನ. ವೃತ್ತದ ಪರಿಧಿ ಕಂಡುಹಿಡಿಯೋಕೆ ಅವನ ಸರಣಿ ಇದೆ. ಯುರೋಪಿನಲ್ಲಿ ಲೈಬ್ನಿಜ್ ಇದನ್ನೇ ಕಂಡುಕೊಂಡದ್ದು 1670ರ ದಶಕದಲ್ಲಿ. ನಮ್ಮವರು ಅದನ್ನು ಶ್ಲೋಕದಲ್ಲಿ ಇಟ್ಟಿದ್ದಾರೆ. ಶ್ಲೋಕದ ಸಾರ ಇಷ್ಟು: ವ್ಯಾಸವನ್ನು ನಾಲ್ಕರಿಂದ ಗುಣಿಸು, ಒಂದರಿಂದ ಭಾಗಿಸು, ಹಾಗೆ ಗುಣಿಸಿದ್ದನ್ನೇ ಮೂರು, ಐದು ಮೊದಲಾದ ಬೆಸ ಸಂಖ್ಯೆಗಳಿಂದ ಭಾಗಿಸಿ ಸರದಿಯಲ್ಲಿ ಕಳೆ, ಕೂಡು. ನಾಲ್ಕು ಅನ್ನೋ ಕಡೆ ಸಮುದ್ರ ಅಂತಿದೆ, ಐದಕ್ಕೆ ಬಾಣ ಅಂತಿದೆ. ಸಂಖ್ಯೆಯ ಬದಲು ವಸ್ತುವಿನ ಹೆಸರು ಹೇಳುವ ಈ ಪದ್ಧತಿ ಶಾಸನ ಓದುವವರಿಗೆ ಗೊತ್ತು. ಅದೂ ಒಂದು ಸಂಕ್ಷೇಪವೇ, ನಾಲಿಗೆಗೆ ಕೂರಲಿ ಅಂತ ಮಾಡಿದ್ದು. ಇದೇ ನಾಡಿನಲ್ಲಿ, ಹೊಯ್ಸಳರ ಕಾಲದಲ್ಲಿ, ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಸೂತ್ರವನ್ನು ಜನ ಹೊತ್ತುಕೊಂಡು ಓಡಾಡಬೇಕು ಅಂದರೆ ಅದು ಚಿಕ್ಕದಾಗಿರಬೇಕು ಅಂತ ಅವರಿಗೆಲ್ಲ ಗೊತ್ತಿತ್ತು.

ಮಾಧವನ ಸರಣಿ, ಒಂದು ಸಾವಿರ ಪದಗಳವರೆಗೆ:

4×-/÷¯1+2×⍳1000

15 ಅಕ್ಷರ. ಬಲಗಡೆಯಿಂದ ನನ್ನ ಜೊತೆ ಓದಿ. ಒಂದರಿಂದ ಸಾವಿರದವರೆಗಿನ ಸಂಖ್ಯೆ ತಗೊಂಡು, ಎರಡರಿಂದ ಗುಣಿಸಿ, ಒಂದು ಕಳೆದು, ಒಂದೊಂದನ್ನೂ ತಲೆಕೆಳಗು ಮಾಡಿ, ಸರದಿಯಲ್ಲಿ ಕಳೆದು ಕೂಡಿ, ನಾಲ್ಕರಿಂದ ಗುಣಿಸು. ಎರಡರಿಂದ ಗುಣಿಸಿದಾಗ 2, 4, 6. ¯1 ಅಂದರೆ ಮೈನಸ್ ಒಂದು, ಅದನ್ನು ಕೂಡಿದರೆ ಒಂದು ಕಳೆದ ಹಾಗೆ. ಒಂದು ಕಳೆದಾಗ 1, 3, 5. ತಲೆಕೆಳಗು ಮಾಡಿದಾಗ ಒಂದು, ಮೂರನೇ ಒಂದು, ಐದನೇ ಒಂದು. ÷ ಗುರುತಿನ ಎಡಕ್ಕೆ ಸಂಖ್ಯೆ ಇಲ್ಲದಿದ್ದರೆ ಅದು ‘ಒಂದನ್ನು ಇದರಿಂದ ಭಾಗಿಸು’ ಅಂತ ಅರ್ಥ ಮಾಡಿಕೊಳ್ಳುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ‘ಸರದಿಯಲ್ಲಿ ಕಳೆದು ಕೂಡಿ’ ಅನ್ನೋದು ಎಲ್ಲಿದೆ? ಬರೆದಿರೋದು -/ ಅಂತ, ಬರೀ ಕಳೆಯೋದು. ಕೂಡೋದು ಎಲ್ಲಿಂದ ಬಂತು? 9 4 2 1 ತಗೊಳ್ಳಿ. ನಡುನಡುವೆ ಕಳೆಯುವ ಗುರುತು ಇಡಿ: 9-4-2-1. ಶಾಲೆಯ ಲೆಕ್ಕದಲ್ಲಿ 2. ಆದರೆ ಬಲಗಡೆಯಿಂದ ಮಾಡಿದರೆ 2-1 ಆಯಿತು 1, 4-1 ಆಯಿತು 3, 9-3 ಆಯಿತು 6. ಈಗ ಶಾಲೆಯ ಲೆಕ್ಕದಲ್ಲೇ 9-4+2-1 ಮಾಡಿ ನೋಡಿ, ಅದೂ 6. ಮೈನಸ್ ಒಳಗೆ ಇನ್ನೊಂದು ಮೈನಸ್ ಕೂತರೆ ಪ್ಲಸ್ ಆಗುತ್ತದಲ್ವಾ, ಅದೇ ಇದು. ಬಾಡ್‌ಮಾಸ್ ಬಿಟ್ಟದ್ದಕ್ಕೆ ಸಿಕ್ಕ ಫಲ. ‘ಋಣಂ ಸ್ವಂ’, ಒಂದು ಸಲ ಕಳೆ ಒಂದು ಸಲ ಕೂಡು ಅಂತ ಶ್ಲೋಕ ಹೇಳಿದ್ದು ಎರಡು ಗುರುತಿನಲ್ಲಿ ಬಂದು ಕೂತಿದೆ. ಸಿಗ್ಮಾ ಬಳಸಿ ಬರೆದರೆ ಇದಕ್ಕಾಗಿ ಮೈನಸ್ ಒಂದರ ಘಾತ ಅಂತ ಒಂದು ಸಾಮಾನು ಹೊರಬೇಕು. ಕೆಳಗೊಂದು, ಮೇಲೊಂದು ಮಿತಿ ಬೇರೆ.

ಉತ್ತರ ಏನು ಬಂತು? 3.140592654. ವ್ಯಾಸ 1 ಇದ್ದರೆ ಪರಿಧಿ ಪೈ, ಅಂದರೆ 3.141592654 ಬರಬೇಕಿತ್ತು. ಸಾವಿರ ಪದ ಕೂಡಿಸಿದರೂ ಮೂರನೇ ದಶಮಾಂಶ ತಪ್ಪು. ಸರಣಿ ಬಹಳ ನಿಧಾನ. ಇದು ಮಾಧವನ ಕಡೆಯವರಿಗೂ ಗೊತ್ತಿತ್ತು. ಅದಕ್ಕೇ ಅವರು ಎಲ್ಲಿ ನಿಲ್ಲಿಸುತ್ತೀರೋ ಅಲ್ಲಿ ಒಂದು ತಿದ್ದುಪಡಿ ಸೇರಿಸಿ ಅಂತ ಹೇಳಿಟ್ಟರು. ಹತ್ತೇ ಪದಕ್ಕೆ ನಿಲ್ಲಿಸೋಣ. 4×-/÷¯1+2×⍳10 ಮಾಡಿದರೆ 3.041839619. ತಿದ್ದುಪಡಿ ಹೀಗೆ:

(4×10)÷1+4×10×10

ಬಲಗಡೆಯಿಂದ: ಹತ್ತನ್ನು ಹತ್ತರಿಂದ ಗುಣಿಸಿ 100, ನಾಲ್ಕರಿಂದ ಗುಣಿಸಿ 400, ಒಂದು ಕೂಡಿಸಿ 401, ನಲವತ್ತನ್ನು ಅದರಿಂದ ಭಾಗಿಸು. ಬಂದದ್ದು 0.09975. ಇದನ್ನು ಸೇರಿಸಿದರೆ 3.141590242. ಹತ್ತು ಪದ, ಒಂದು ತಿದ್ದುಪಡಿ, ಐದು ದಶಮಾಂಶ ಸರಿ. ತಿದ್ದುಪಡಿ ಇಲ್ಲದೆ ಇಷ್ಟು ಹತ್ತಿರ ಬರಬೇಕು ಅಂದರೆ ನಾಲ್ಕು ಲಕ್ಷಕ್ಕೂ ಜಾಸ್ತಿ ಪದ ಕೂಡಿಸಬೇಕು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ನೆಲದ ಮೇಲೆ ಕವಡೆ ಇಟ್ಟು ಲೆಕ್ಕ ಮಾಡುವವರಿಗೆ ಇದು ಎಂಥಾ ದೊಡ್ಡ ವಿಷಯ! ಈ ಸರಣಿ ಹೇಗೆ ಬರುತ್ತದೆ ಅನ್ನೋದನ್ನ 16ನೇ ಶತಮಾನದಲ್ಲಿ ಜ್ಯೇಷ್ಠದೇವ ಯುಕ್ತಿಭಾಷೆಯಲ್ಲಿ ವಿವರಿಸಿದ. ಅದನ್ನು ಬರೆದದ್ದು ಮಲಯಾಳದಲ್ಲಿ, ತನ್ನ ಜನರ ಮಾತಿನಲ್ಲಿ.

ಏಪಿಎಲ್ ಅಂದರೆ ಆಗದವರೂ ಇದ್ದಾರೆ. ಡೈಕ್‌ಸ್ಟ್ರಾ ಅಂಥ ದೊಡ್ಡ ಕಂಪ್ಯೂಟರ್ ವಿಜ್ಞಾನಿಗಳು 1975ರಲ್ಲಿ ಇದನ್ನು ಪರಿಪೂರ್ಣತೆಯವರೆಗೆ ಕೊಂಡೊಯ್ದ ತಪ್ಪು ಅಂತ ಬರೆದರು. ಅವರ ಮಾತಿನಲ್ಲಿ ಒಂದು ಎಚ್ಚರಿಕೆ ಇದೆ, ಅದನ್ನು ನಾನು ಒಪ್ಪುತ್ತೇನೆ. ಎಲ್ಲವನ್ನೂ ಒಂದೇ ಸಾಲಿಗೆ ತುರುಕುವ ಚಟ ಕೆಲವರಿಗೆ ಅಂಟುತ್ತದೆ. ಮೂರು ಬೇರೆ ಬೇರೆ ಯೋಚನೆಗಳನ್ನು ಒಂದು ಸಾಲಿನಲ್ಲಿ ಸುತ್ತಿಟ್ಟರೆ, ಬರೆದವರೇ ಮುಂದಿನ ತಿಂಗಳು ಬಿಡಿಸೋಕೆ ಒದ್ದಾಡುತ್ತಾರೆ. ನನ್ನ ಅಳತೆ ಸುಲಭ. ಒಂದೇ ಉಸಿರಿಗೆ ಕನ್ನಡದಲ್ಲಿ ಬಲಗಡೆಯಿಂದ ಓದೋಕೆ ಆದರೆ ಆ ಸಾಲು ಸರಿ. ಆಗಲಿಲ್ಲ ಅಂದರೆ ಎರಡು ಮಾಡಿ, ನಡುವಿನದಕ್ಕೆ ಒಂದು ಒಳ್ಳೆಯ ಹೆಸರು ಕೊಡಿ.

ಗುರುತು ಕಲಿಯೋದು ಕಷ್ಟ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ಕನ್ನಡದ ಕಾಗುಣಿತ, ಒತ್ತಕ್ಷರ ಕಲಿತ ಮಕ್ಕಳಿಗೆ ಇನ್ನೊಂದು ಐವತ್ತು ಅರವತ್ತು ಗುರುತು ದೊಡ್ಡದೇ? ಹಾಗೂ ಬೇಡ ಅಂದರೆ, ಐವರ್ಸನ್ ಅವರೇ ರೋಜರ್ ಹುಯಿ ಜೊತೆ ಸೇರಿ 1990ರಲ್ಲಿ ಜೆ ಅನ್ನುವ ಭಾಷೆ ಮಾಡಿದರು. ಅದಕ್ಕೆ ಮಾಮೂಲಿ ಕೀಬೋರ್ಡ್ ಸಾಕು. ಪೈಥಾನ್ ಕಲಿತವರು ನಂಪೈ ಅನ್ನುವ ಲೆಕ್ಕದ ಲೈಬ್ರರಿ ಬಳಸುತ್ತೀರಲ್ಲ, ಪೂರ್ತಿ ಸಾಲಿನ ಮೇಲೆ ಒಂದೇ ಏಟಿಗೆ ಕೆಲಸ ಮಾಡುವ ಆ ಅಭ್ಯಾಸದ ಬೇರು ಇಲ್ಲಿದೆ.

ಮಾತು ಮುಗಿದ ಮೇಲೆ ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ‘ಸರ್, ಹತ್ತು ಸಮ ಸಂಖ್ಯೆ. ಬೆಸ ಸಂಖ್ಯೆಗೆ ನಿಲ್ಲಿಸಿದರೆ ತಿದ್ದುಪಡಿ ಕೂಡಬೇಕಾ, ಕಳೀಬೇಕಾ?’ ಒಳ್ಳೆಯ ಪ್ರಶ್ನೆ. ‘ಬಾಮ್ಮ, ನೀನೇ ಮಾಡಿ ನೋಡು’ ಅಂತ ಲ್ಯಾಪ್‌ಟಾಪ್ ಅವಳ ಕಡೆ ತಿರುಗಿಸಿದೆ. 9 ಹಾಕಿದಳು. 3.252365935 ಬಂತು, ಪೈಗಿಂತ ಜಾಸ್ತಿ. ‘ಹಾಗಾದ್ರೆ ಕಳೀಬೇಕು’ ಅಂದಳು. 36ನ್ನು 325ರಿಂದ ಭಾಗಿಸಿ ಕಳೆದಳು: 3.141596704. ಹತ್ತು ಕೆಳಗಿನಿಂದ ಬಂದಿತ್ತು, ಒಂಬತ್ತು ಮೇಲಿನಿಂದ ಬಂತು. ಸಭೆ ಚದುರಿ ಎಲ್ಲರೂ ಕಾಫಿಗೆ ಎದ್ದರು. ನಾನು ಲೋಟ ಹಿಡಿದು ತಿರುಗಿ ನೋಡಿದಾಗ ಅವಳು ಇನ್ನೂ ಅಲ್ಲೇ ಕೂತು 11 ಹಾಕುತ್ತಿದ್ದಳು. ಪಕ್ಕದಲ್ಲಿ ಒಬ್ಬರು ಬೆಳೆಗಾರರು ಜೇಬಿನಿಂದ ಒಂದು ಚೀಟಿ ತೆಗೆದು, ಅವಳದ್ದು ಮುಗಿಯಲಿ ಅಂತ ಕಾಯುತ್ತಾ ನಿಂತಿದ್ದರು.